ಒಳಗೆ ಬರದ ಅಪ್ಪ

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಡಬ್ಲಿನ್‌ನ ಈ ತಾಯಿಯ ಪತ್ರ ಓದಿ ನನಗೆ ಸಿಟ್ಟು ಬಂತು. ಯಾರ ಮೇಲೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ತಾಯಿ ಆಸ್ಪತ್ರೆಯಲ್ಲಿ ನರ್ಸ್, ಯಜಮಾನರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಒಬ್ಬಳೇ ಮಗಳು. ಈ ಜೂನ್‌ನಲ್ಲಿ ಅವಳಿಗೆ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆ, ಅಂದರೆ ಹೆಚ್ಚುಕಡಿಮೆ ನಮ್ಮ ಸೆಕೆಂಡ್ ಪಿಯುಸಿ. ಓದಿನಲ್ಲಿ ಚುರುಕು, ಫಾರ್ಮಸಿ ಸೀಟು ಸಿಗುವ ಅಂದಾಜಿದೆ. ಅವಳ ಜೀವವೆಲ್ಲ ನಾಟಕದಲ್ಲಿ. ನಟನೆ ಕಲಿಸುವ ಲಿರ್ ಅಕಾಡೆಮಿಗೂ ಅರ್ಜಿ ಹಾಕಿ, ಆಡಿಷನ್‌ನ ಮುಂದಿನ ಸುತ್ತಿಗೆ ಕರೆ ಬಂದಿದೆ. ಅಪ್ಪ ಖಡಾಖಂಡಿತವಾಗಿ ಬೇಡ ಅಂದಿಲ್ಲ. "ಮೊದಲು ಡಿಗ್ರಿ ಮುಗಿಸು, ಆಮೇಲೆ ಏನು ಬೇಕಾದರೂ ಮಾಡಿಕೋ" ಎಂದಿದ್ದಾರೆ. ಹುಡುಗಿಯ ಕೋಣೆಯ ಗೋಡೆಯ ಮೇಲೆ ಫಿಯೋನಾ ಶಾ ಫೋಟೋ ಇದೆಯಂತೆ. ಅಪ್ಪ ಆ ನಟಿಯ ಬಗ್ಗೆ ಓದಿಕೊಂಡು ಬಂದು, ಊಟದ ಹೊತ್ತಿನಲ್ಲಿ, "ನಿನ್ನ ಫಿಯೋನಾ ಶಾ ಕೂಡ ಅಪ್ಪನ ಮಾತು ಕೇಳಿ ಮೊದಲು ಡಿಗ್ರಿ ಮಾಡಿಕೊಂಡವಳೇ" ಅಂದರು. ಮಗಳು ತಟ್ಟೆ ಬಿಟ್ಟು ಎದ್ದು ಹೋದಳು. ಅಂದಿನಿಂದ ಇಬ್ಬರೂ ಏನು ಹೇಳುವುದಿದ್ದರೂ ತಾಯಿಯ ಹತ್ತಿರವೇ ಹೇಳುತ್ತಾರೆ. ಇದರ ಮೇಲೆ ಮೈಸೂರಿನಿಂದ ತಾಯಿಯ ಅಣ್ಣ ಪ್ರತಿ ಭಾನುವಾರ ಫೋನ್ ಮಾಡಿ, "ನಾಟಕದವಳು ಅಂತಾದರೆ ನಾಳೆ ಗಂಡು ಹುಡುಕೋದು ಹೇಗೆ?" ಅನ್ನುತ್ತಾರೆ. ನಾನು ಯಾರ ಕಡೆ ನಿಲ್ಲಲಿ ಎಂಬುದು ತಾಯಿಯ ಪ್ರಶ್ನೆ.

ಮೊದಲು ನಿಮ್ಮ ಯಜಮಾನರ ವಾದಕ್ಕೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ಫಿಯೋನಾ ಶಾ 1958ರಲ್ಲಿ ಕಾರ್ಕ್ ಕೌಂಟಿಯಲ್ಲಿ ಹುಟ್ಟಿದವರು. ಮನೆತನದ ಹೆಸರು ವಿಲ್ಸನ್, ಶಾ ಅನ್ನುವುದು ರಂಗದ ಹೆಸರು. ತಂದೆ ಕಣ್ಣಿನ ಸರ್ಜನ್, ತಾಯಿ ಭೌತವಿಜ್ಞಾನಿ. ಅಂಥ ಮನೆಯಲ್ಲಿ ಮಗಳು ಬಣ್ಣ ಹಚ್ಚುತ್ತೇನೆ ಅಂದಾಗ ಅಪ್ಪನಿಗೆ ರುಚಿಸಲಿಲ್ಲ. ಮೊದಲು ಡಿಗ್ರಿ ಎಂದರು. ಆಕೆ ಕಾರ್ಕ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದು ಮುಗಿಸಿ, ಲಂಡನ್ನಿನ ನಾಟಕ ಶಾಲೆ ರಾಡಾ ಸೇರಿ, 1982ರಲ್ಲಿ ಅಲ್ಲಿಂದ ಹೊರಬಂದರು. ಇಲ್ಲಿಯವರೆಗೆ ಗೆಲುವು ನಿಮ್ಮ ಯಜಮಾನರದ್ದೇ.

ಆದರೆ ಆಕೆ ಓದಿದ್ದು ಏನು ಅನ್ನುವುದನ್ನು ಅವರು ಅನ್ನದ ಜೊತೆ ನುಂಗಿಬಿಟ್ಟರು. ಓದಿದ್ದು ಫಿಲಾಸಫಿ. ಮುಂದೆ ಸೊಫೊಕ್ಲಿಸ್, ಯೂರಿಪಿಡಿಸ್, ಶೇಕ್ಸ್‌ಪಿಯರ್, ಬೆಕೆಟ್‌ನಂಥ ನಾಟಕಕಾರರ ಮಾತುಗಳನ್ನು ಬಾಯಲ್ಲಿಟ್ಟುಕೊಂಡು ಬದುಕಬೇಕಾದವಳಿಗೆ ಅದು ದಂಡದ ಓದಲ್ಲ, ಒಳ್ಳೆಯ ತಯಾರಿ. ಐರ್ಲೆಂಡಿನಲ್ಲಿ ಫಾರ್ಮಸಿ ಅಂದರೆ ಐದು ವರ್ಷ, ಅದೂ ಲ್ಯಾಬು, ಪ್ಲೇಸ್‌ಮೆಂಟು ಎಂದು ಉಸಿರಾಡಲು ಬಿಡದ ಐದು ವರ್ಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ವಯಸ್ಸಿನ ಮಾತು ಬಿಡಿ, ಅದು ನನ್ನ ತಕರಾರೇ ಅಲ್ಲ. ಇದೇ ಫಿಯೋನಾ ಶಾ ‘ಕಿಲ್ಲಿಂಗ್ ಈವ್’ ಸರಣಿಯ ಗೂಢಚಾರಿಣಿ ಮೇಲಧಿಕಾರಿಯ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ತೆಗೆದುಕೊಂಡಾಗ 60 ವರ್ಷ. ನನ್ನ ತಕರಾರು ಆ "ಆಮೇಲೆ"ಯ ಬಗ್ಗೆ. ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು: ತಾರೀಖು ಹಾಕದ ಭರವಸೆಯನ್ನು ನಾನು ನಂಬುವುದಿಲ್ಲ, ಕೊಡುವವರು ಸೈಟು ಮಾರುವವರಾಗಲಿ, ಹೆತ್ತವರಾಗಲಿ.

ದುಡ್ಡಿನ ಭಯ ಇದೆಯಲ್ಲ, ಅದನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಕಲೆಯಿಂದ ಹೊಟ್ಟೆ ತುಂಬುವುದು ಕಷ್ಟ ಅನ್ನುವುದು ನೀವಿರುವ ದೇಶದ ಸರ್ಕಾರಕ್ಕೇ ಗೊತ್ತಿದೆ. 2022ರಲ್ಲಿ ಪ್ರಯೋಗಕ್ಕೆಂದು 2,000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡುವ ಯೋಜನೆ ತಂದರು. ಅದಕ್ಕೂ ಅರ್ಜಿ ಹೆಚ್ಚಾಗಿ ಲಾಟರಿಯಂತೆ ಎತ್ತಿ ಆರಿಸಬೇಕಾಯಿತು. ಅಪ್ಪ ಹೆದರುವುದು ಸಹಜ. ಹೆದರದ ಅಪ್ಪನಾಗಿದ್ದರೆ ನಾನೇ ಹೆದರಿಸುತ್ತಿದ್ದೆ.

ಈಗ ನಿಮ್ಮ ಪತ್ರದ ಕಡೇ ಪುಟಕ್ಕೆ ಬರುತ್ತೇನೆ. ಫೀಸಿನ ಲೆಕ್ಕದ ನಡುವೆ ನೀವು ಹೀಗೆ ಬರೆದಿದ್ದೀರಿ: "ಶನಿವಾರದ ಡ್ರಾಮಾ ಕ್ಲಾಸಿಗೆ ಏಳು ವರ್ಷದಿಂದ ಅವರೇ ಬಿಟ್ಟು ಕರೆದುಕೊಂಡು ಬರುತ್ತಾರೆ. ಕಾರಿನಲ್ಲೇ ಕೂತಿರುತ್ತಾರೆ, ಒಳಗೆ ಬರುವುದಿಲ್ಲ. ಶೋ ಇದ್ದಾಗಲೂ ಅಷ್ಟೇ, ನಾನೊಬ್ಬಳೇ ಹೋಗಿ ನೋಡುವುದು." ಬರೆದು, ಮತ್ತೆ ಫೀಸಿಗೆ ಹೋಗಿಬಿಟ್ಟಿದ್ದೀರಿ!

ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ಕಣಮ್ಮ. ಮಗಳ ಬಗ್ಗೆ ಇಷ್ಟು ದೊಡ್ಡ ತೀರ್ಮಾನ ಮಾಡಲು ಹೊರಟ ಮನುಷ್ಯ ಅವಳು ನಟಿಸುವುದನ್ನು ಒಂದು ಸಲವೂ ನೋಡಿಲ್ಲ. ಆದರೂ ಏಳು ವರ್ಷ, ವಾರದ ರಜೆಯ ಬೆಳಿಗ್ಗೆ, ಆ ಊರಿನ ಜಿಟಿಜಿಟಿ ಮಳೆಯಲ್ಲಿ, ಸ್ಟೀರಿಂಗ್ ಮೇಲೆ ಲ್ಯಾಪ್‌ಟಾಪ್ ಆನಿಸಿಕೊಂಡು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಕಾದಿದ್ದಾರೆ. ಇಂಥವರನ್ನು ಕಲೆಯ ವಿರೋಧಿ ಎಂದು ಹೇಗೆ ಕರೆಯಲಿ? ನಿಮ್ಮ ಮನೆಯ ಮೂವರಲ್ಲಿ ನನಗೆ ಹೆಚ್ಚು ಮರುಕ ಹುಟ್ಟಿಸಿದವರು ಇವರೇ. ಒಳಗೆ ಹೋದರೆ ಎರಡರಲ್ಲಿ ಒಂದು ಆಗುತ್ತದೆ. ಮಗಳು ಚೆನ್ನಾಗಿ ಮಾಡಿದರೆ ಫಾರ್ಮಸಿಯ ವಾದ ಬಾಯಿಗೆ ಬರುವುದಿಲ್ಲ. ಮಾಡದಿದ್ದರೆ, ಅವಳ ಮುಖ ನೋಡಿ ಅದನ್ನು ಹೇಳಬೇಕಾಗುತ್ತದೆ. ಕಾರೇ ವಾಸಿ ಅನ್ನಿಸಿರಬೇಕು.

ಸೀಟಿನಲ್ಲಿ ಕೂತು ನೋಡುವುದಕ್ಕೆ ನಾನು ಇಷ್ಟು ಬೆಲೆ ಕೊಡಲು ಕಾರಣವಿದೆ. ಅದಕ್ಕೂ ಫಿಯೋನಾ ಶಾ ಅವರದ್ದೇ ಉದಾಹರಣೆ. 1988ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಡೆಬೋರಾ ವಾರ್ನರ್ ನಿರ್ದೇಶನದಲ್ಲಿ ಅವರು ಸೊಫೊಕ್ಲಿಸನ ನಾಟಕದ ಎಲೆಕ್ಟ್ರಾ ಮಾಡಿದರು. ಕೊಲೆಯಾದ ಅಪ್ಪನಿಗಾಗಿ ಅಳುತ್ತಲೇ ಇರುವ, ಅಳು ನಿಲ್ಲಿಸಲು ಒಪ್ಪದ ಮಗಳ ಪಾತ್ರ. 1992ರಲ್ಲಿ ಆ ನಾಟಕ ಉತ್ತರ ಐರ್ಲೆಂಡಿನ ಡೆರ್ರಿಗೆ ಹೋಯಿತು. ಅದೇ ವಾರ ಅಲ್ಲಿ ಸಾಲುಸಾಲಾಗಿ ಕೊಲೆಗಳಾಗಿದ್ದವು. ನಾಟಕ ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಲಿಲ್ಲ, ಎದ್ದು ಹೋಗಲೂ ಇಲ್ಲ. ಕೂತು ಮಾತಾಡಬೇಕು ಎಂದರು. ಎರಡು ಸಾವಿರದ ನಾಲ್ಕುನೂರು ವರ್ಷ ಹಳೆಯ ಗ್ರೀಕ್ ನಾಟಕ ಆ ಊರಿನವರ ಮನೆಯ ವಿಷಯವಾಗಿತ್ತು. ಇದನ್ನು ಯಾರೋ ಬಂದು ವಿವರಿಸಿದ್ದರೆ ಆಗುತ್ತಿತ್ತೇ? ಶೇಕ್ಸ್‌ಪಿಯರನ ಪುರುಷ ಪಾತ್ರವಾದ ಎರಡನೇ ರಿಚರ್ಡ್ ದೊರೆಯನ್ನು ಅವರು 1995ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಮಾಡಿದಾಗ ಹೆಂಗಸು ರಾಜನಾಗುವುದೇ ಎಂದು ಗದ್ದಲವಾಯಿತು. ಆಕೆ ಮಾಡಿ ತೋರಿಸಿದರು. 2000ದಲ್ಲಿ ನಿಮ್ಮ ಡಬ್ಲಿನ್‌ನ ಆಬಿ ಥಿಯೇಟರಿನಲ್ಲೇ ಶುರುವಾದ ಅವರ ‘ಮಿಡಿಯಾ’ ನ್ಯೂಯಾರ್ಕಿನ ಬ್ರಾಡ್‌ವೇವರೆಗೆ ಹೋಗಿ, ಅಲ್ಲಿನ ರಂಗಭೂಮಿ ಪ್ರಶಸ್ತಿಯಾದ ಟೋನಿಗೆ ನಾಮನಿರ್ದೇಶನ ಪಡೆಯಿತು. ನಿಮ್ಮ ಅಣ್ಣನಂಥವರಿಗೆ ಆಕೆ ಬರೀ ಹ್ಯಾರಿ ಪಾಟರ್‌ನ ಸಿಡುಕಿ ಪೆಟ್ಯೂನಿಯಾ ದೊಡ್ಡಮ್ಮ ಇರಬಹುದು.

ಅಣ್ಣನ ಹೆಸರೆತ್ತಿದೆನಲ್ಲ, ನನ್ನ ಸಿಟ್ಟು ಅವರ ಮೇಲೆ. ಪರೀಕ್ಷೆಗೆ ಓದುತ್ತಿರುವ ಹುಡುಗಿಯ ಮದುವೆಯ ಚಿಂತೆ ಈಗಲೇ ಮೈಸೂರಿನಲ್ಲಿ ಕೂತವರಿಗೆ ಯಾಕೆ? ಸೊಸೆ ಯಾವ ನಾಟಕ ಮಾಡುತ್ತಿದ್ದಾಳೆ ಎಂದು ಒಂದು ದಿನ ಕೇಳಿದ್ದುಂಟೇ? ನೀವು ಅಡುಗೆ ಮಾಡುತ್ತಾ ಫೋನ್ ಸ್ಪೀಕರಿಗೆ ಹಾಕುತ್ತೀರಂತೆ. ಮಾತು ಹಾಲಿನಲ್ಲಿರುವ ಅಪ್ಪನಿಗೂ ಕೇಳುತ್ತದೆ, ಕೋಣೆಯಲ್ಲಿರುವ ಮಗಳಿಗೂ. ಫೋನಿನಲ್ಲಿ ಬಂದ ಸಲಹೆ ಫೋನಿನಲ್ಲೇ ಇರಬೇಕು ಎಂದು ಎಷ್ಟು ಸಲ ಬರೆದಿದ್ದೇನೋ! ಯಜಮಾನರ ಬಾಯಲ್ಲಿ ಬರುತ್ತಿರುವ ಮಾತುಗಳಲ್ಲಿ ಅರ್ಧ ನಿಮ್ಮ ತವರಿನವು ಎಂದು ನನ್ನ ಗುಮಾನಿ.

ನಿಮ್ಮ ಮೇಲೂ ಒಂದು ಆಕ್ಷೇಪಣೆ ಇದೆ. ಏಳು ವರ್ಷ ಒಬ್ಬರೇ ನೋಡಿ ಬಂದು ಗಂಡನಿಗೆ ವರದಿ ಒಪ್ಪಿಸಿದಿರಿ. ಅವರಿಗೂ ಅದೇ ಅನುಕೂಲವಾಯಿತು. ವಕೀಲಿಕೆ ಸಾಕು ಮಾಡಿ. ಯಾರ ಕಡೆಯೂ ನಿಲ್ಲಬೇಡಿ.

ಮಾಡಬೇಕಾದ್ದು ಒಂದೇ. ಮುಂದಿನ ತಿಂಗಳು ಅವಳ ತಂಡದ ಶೋ ಇದೆ ಎಂದಿದ್ದೀರಿ. ಎರಡು ಟಿಕೆಟ್ ತೆಗೆಯಿರಿ, ಹಿಂದಿನ ಸಾಲು ಬೇಡ. ಯಜಮಾನರಿಗೆ, "ಈ ಸಲ ಒಳಗೆ ಬರ್ತೀರಿ" ಎಂದು ಹೇಳಿ, ಕೇಳಬೇಡಿ. ಪಾರ್ಕಿಂಗ್ ಸಿಗಲಿಲ್ಲ ಅನ್ನುವ ನೆಪ ಬರುತ್ತದೆ, ಒಂದು ಗಂಟೆ ಮೊದಲೇ ಹೊರಡಿ. ನಾಟಕ ಮುಗಿದ ಮೇಲೆ "ಹೇಗಿತ್ತು?" ಅನ್ನಬೇಡಿ. ಅಪ್ಪ ಮಗಳನ್ನು ಕಾರಿನಲ್ಲಿ ಕಳಿಸಿ, ನೀವು ಲುವಾಸ್ ಟ್ರಾಮ್ ಹತ್ತಿ ಬನ್ನಿ.

ಕಾಲೇಜು ಪ್ರವೇಶದ ಅರ್ಜಿಯಲ್ಲಿ ಕೋರ್ಸುಗಳ ಆದ್ಯತೆಯ ಪಟ್ಟಿ ಬದಲಿಸಲು ಹೇಗೂ ಜುಲೈ 1ರವರೆಗೆ ಅವಕಾಶವಿದೆ. ಅದನ್ನು ಅವರಿಬ್ಬರೇ ಕೂತು ತುಂಬಲಿ. ನೋಡಿದ ಮೇಲೂ ಅಪ್ಪ ಫಾರ್ಮಸಿಯೇ ಅಂದರೆ ಮತ್ತೆ ಬರೆಯಿರಿ, ಆಗ ಜಗಳಕ್ಕೆ ನಾನೂ ಬರುತ್ತೇನೆ.