ಗುಣವಾಯಿತು ಎನ್ನಲು ಇಷ್ಟು ಆತುರವೇಕೆ?

“ಕೈಗಾದಲ್ಲಿ ಟ್ರೀಷಿಯಂ ಬೆರೆತ ನೀರು ಕುಡಿದವರು ಚಿಕಿತ್ಸೆ ಪಡೆದು ಗುಣವಾದರು. ವಿಕಿರಣದ ಹೆಸರೆತ್ತಿ ನೀವೇಕೆ ಮತ್ತೆ ಮತ್ತೆ ಜನರನ್ನು ಹೆದರಿಸುತ್ತೀರಿ?”
– ಯಲ್ಲಾಪುರದ ಓದುಗರೊಬ್ಬರು

ಮಾನ್ಯರೇ,

ಕೈಗಾದ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಟ್ರೀಷಿಯಂ ಎಂದರೆ ವಿಕಿರಣ ಸೂಸುವ ಜಲಜನಕ; ಮೈಯೊಳಗೆ ಅದು ನೀರಿನ ಜೊತೆಗೇ ಓಡಾಡುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ತಾನಾಗಿಯೇ ಹೊರಹೋಗುತ್ತದೆ. ಧಾರಾಳವಾಗಿ ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟರೆ ಇನ್ನೂ ಬೇಗ. ಆದರೆ 2009ರ ನವೆಂಬರಿನಲ್ಲಿ ಅದು ಪತ್ತೆಯಾದದ್ದು ನೌಕರರ ಮೂತ್ರಪರೀಕ್ಷೆ ಅಲ್ಲಿ ನಿಯಮದಂತೆ ನಡೆಯುತ್ತಿದ್ದುದರಿಂದ. ಅದನ್ನು ನೀವು ಮರೆತಿರಿ.

ದೆಹಲಿಯ ಮಾಯಾಪುರಿಯ ಗುಜರಿ ಕೆಲಸಗಾರರಿಗೆ ಯಾವ ಪರೀಕ್ಷೆಯಿತ್ತು? 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜಿಗಿಟ್ಟ ಹಳೆಯ ಯಂತ್ರದೊಳಗೆ ತೀವ್ರ ವಿಕಿರಣ ಸೂಸುವ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದು ತೂಕಕ್ಕೆ ಮಾರುವ ಲೋಹ, ಅಷ್ಟೆ. ವಿಕಿರಣ ತಗುಲಿದ ಮೊದಲ ಎರಡು ದಿನಗಳಲ್ಲಿ ರಕ್ತದ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಎಷ್ಟು ವೇಗವಾಗಿ ಕುಸಿಯುತ್ತವೆ ಎಂಬುದನ್ನು ನೋಡಿಯೇ ವೈದ್ಯರು ಅಪಾಯವನ್ನು ಅಳೆಯುತ್ತಾರೆ. ಈ ಬಡಪಾಯಿಗಳ ಆ ಎರಡು ದಿನ ಗುಜರಿ ಅಂಗಡಿಯಲ್ಲೇ ಕಳೆದುಹೋದವು. ಚರ್ಮ ಕಪ್ಪಾಗಿ, ಕೂದಲು ಉದುರಿದ ಮೇಲಷ್ಟೇ ಗುಟ್ಟು ಹೊರಬಿತ್ತು. ಒಬ್ಬ ಕೆಲಸಗಾರ ಬದುಕಲಿಲ್ಲ.

ಬದುಕಿದವರ ಪಾಡೂ ಸುಲಭದ್ದಲ್ಲ. ಕೊಳವೆಗಳ ಬೆಸುಗೆಯನ್ನು ವಿಕಿರಣ ಸೂಸುವ ಇರಿಡಿಯಂ ಲೋಹದ ಕಿರಣದಿಂದ ಪರೀಕ್ಷಿಸುವ ಗುತ್ತಿಗೆ ಕೆಲಸದಲ್ಲಿದ್ದ ಯುವಕನೊಬ್ಬ ಒಮ್ಮೆ ನಮ್ಮ ಕಚೇರಿಗೆ ಬಂದಿದ್ದ. ತೋರುಬೆರಳ ತುದಿಯ ಚರ್ಮ ಬಿಗಿದು ಹೊಳೆಯುತ್ತಿತ್ತು, ಉಗುರು ಸೊಟ್ಟಗೆ ಬೆಳೆದಿತ್ತು. ಅಂಗಿಯ ಗುಂಡಿ ಹಾಕಲೂ ಎಡಗೈಯೇ ಬೇಕು. ವಿಕಿರಣದ ಗಾಯ ಬೆಂಕಿ ಸುಟ್ಟ ಗಾಯದಂತಲ್ಲ: ಮಾಯಿತು ಎನ್ನುವಷ್ಟರಲ್ಲಿ ತಿಂಗಳುಗಳ ಬಳಿಕ, ಕೆಲವೊಮ್ಮೆ ವರ್ಷಗಳ ಬಳಿಕ, ಮತ್ತೆ ಒಡೆಯುತ್ತದೆ. ಅಷ್ಟರಲ್ಲಿ ಅವನ ಗುತ್ತಿಗೆ ಮುಗಿದಿತ್ತು. ತನ್ನ ಬ್ಯಾಡ್ಜ್ ದಾಖಲಿಸಿದ ವಿಕಿರಣ ಎಷ್ಟೆಂದು ಬರೆದುಕೊಡಿ ಎಂದು ಆತ ಅಂಗಲಾಚಿದ, ಯಾರೂ ಕೊಡಲಿಲ್ಲ. ಅದಿಲ್ಲದೆ ಮುಂದಿನ ವೈದ್ಯರು ಏನನ್ನು ನಂಬಿ ಔಷಧಿ ಬರೆಯಬೇಕು?

ನೀವು ಸಹೃದಯರು, ನಮ್ಮ ಹಳೆಯ ಓದುಗರು. ಆದ್ದರಿಂದಲೇ ಕಟುವಾಗಿ ಹೇಳುತ್ತಿದ್ದೇನೆ: ‘ಗುಣವಾದರು’ ಎಂದು ತೀರ್ಪು ಕೊಡುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಕಲ್ಲುಕ್ವಾರಿಯ ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹತ್ತಿಸಿಕೊಂಡವರಿಗೆ ಕ್ಷಯದ ಮಾತ್ರೆ ಕೊಟ್ಟು ಕಳಿಸುವ ದೇಶವಿದು. ಕಾಯಂ ನೌಕರನಿಗೆ ಆಸ್ಪತ್ರೆ, ಗುತ್ತಿಗೆಯವನಿಗೆ ಗೇಟು.

ಇಂಥ ಕೆಲಸ ಮಾಡಿ ಊರಿಗೆ ಮರಳಿದವರು ನಿಮ್ಮ ಕಡೆ ಇದ್ದರೆ, ದಯವಿಟ್ಟು ನಮಗೆ ಬರೆಯಲು ಹೇಳಿ. ಹೆಸರು ಪ್ರಕಟಿಸುವುದಿಲ್ಲ.

– ಸಂಪಾದಕ