ಅದೇ 0.45 ಎಂಎಲ್, ಬಾಟಲಿ ಬೇರೆ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತು ವಾರಕ್ಕೇ ಹುಟ್ಟಿದ ಮಗು. ಈಗ ಮನೆಯಲ್ಲಿದೆ, ತೂಕ 1.8 ಕೆ.ಜಿ. ಹಾಲು ಕಕ್ಕುತ್ತದೆ ಎಂದು ಡಾಂಪೆರಿಡೋನ್ ಸಿರಪ್ ಬರೆದಿದ್ದರು: 0.45 ಎಂಎಲ್, ದಿನಕ್ಕೆ ಮೂರು ಸಲ. ಸಿರಪ್ ಮುಗಿದಾಗ ಮೆಡಿಕಲ್ ಶಾಪಿನವರು ಅದೇ ಔಷಧಿಯ ಡ್ರಾಪ್ಸ್ ಕೊಟ್ಟರು. ಅಜ್ಜಿ ಸಿರಿಂಜಿನಲ್ಲಿ ಎಂದಿನ ಗೆರೆಗೇ ಎಳೆದು ಎರಡು ದಿನ ಕುಡಿಸಿದರು. ಸಿರಪ್ಪಿನ 1 ಎಂಎಲ್‌ನಲ್ಲಿ ಇದ್ದದ್ದು 1 ಮಿ.ಗ್ರಾಂ, ಡ್ರಾಪ್ಸ್‌ನಲ್ಲಿ 10. ಅಂದರೆ 0.45 ಮಿ.ಗ್ರಾಂ ಹೋಗಬೇಕಾದಲ್ಲಿ 4.5 ಹೋಯಿತು. ಸಾಲದ್ದಕ್ಕೆ ಬಾಯಿಯ ಬಿಳಿ ಫಂಗಸ್‌ಗೆಂದು ಬೇರೆ ವೈದ್ಯರು ಬರೆದ ಫ್ಲುಕೊನಜೋಲ್ ಕೂಡ ನಡೆಯುತ್ತಿತ್ತು. ಅದು ಯಕೃತ್ತಿನಲ್ಲಿ ಡಾಂಪೆರಿಡೋನ್ ಒಡೆದುಹೋಗುವುದನ್ನು ತಡೆಯುತ್ತದೆ. ಸಾಲದೆಂಬಂತೆ ಎರಡೂ ಇಸಿಜಿಯ ಕ್ಯೂಟಿ ಅವಧಿಯನ್ನು, ಅಂದರೆ ಒಂದು ಬಡಿತಕ್ಕೆ ವಿದ್ಯುತ್ ಹರಿಸಿ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯವನ್ನು, ಹಿಗ್ಗಿಸಬಲ್ಲವು. ಅದು ಹಿಗ್ಗಿದರೆ ಹೃದಯದ ಲಯ ದಿಢೀರನೆ ತಪ್ಪಬಹುದು.

“ಹಾಲು ಕುಡೀತಿದೆ, ಸ್ವಲ್ಪ ಮಂಕಷ್ಟೇ. ಬರೋ ವಾರ ಚೆಕಪ್‌ಗೆ ಹೋದಾಗ ತೋರಿಸಿದ್ರೆ ಸಾಲದಾ ಮೇಡಂ?” ಎಂದು ತಾಯಿ ಫೋನಿನಲ್ಲಿ ಕೇಳಿದರು.

ಸಾಲದು. ಕ್ಯೂಟಿ ಹಿಗ್ಗಿದ್ದು ಹೊರಗೆ ಕಾಣುವುದಿಲ್ಲ. ನಾಡಿ ಸರಿಯಾಗಿಯೇ ಇರಬಹುದು. ಎರಡು ಔಷಧಿಯ ಮುಂದಿನ ಡೋಸನ್ನೂ ತಡೆದು, ಬಾಟಲಿಗಳು, ಚೀಟಿ, ಸಿರಿಂಜ್ ಎಲ್ಲ ಹಿಡಿದು ಈಗಲೇ ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೊರಡಲು ಹೇಳಿದೆವು. ಮೈ ನೀಲಿ ಅಥವಾ ಬಿಳಿಚಿಕೊಂಡರೆ, ಜೋತುಬಿದ್ದರೆ, ಉಸಿರು ನಿಂತರೆ, ಫಿಟ್ಸ್ ಬಂದರೆ ಕಾಯದೆ 108.

ಇಸಿಜಿಯಲ್ಲಿ ಕ್ಯೂಟಿಸಿ (ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) 490 ಮಿಲಿಸೆಕೆಂಡ್ ಇತ್ತು. 460 ದಾಟಿದರೇ ಎಚ್ಚರ ವಹಿಸಬೇಕು. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ನೋಡಿದರು, ಏಕೆಂದರೆ ಇವು ಇಳಿದಿದ್ದರೆ ಅಪಾಯ ಹೆಚ್ಚು. ಫ್ಲುಕೊನಜೋಲ್ ಇಂಥ ಮಕ್ಕಳ ಮೈಯಿಂದ ಹೋಗಲು ದಿನಗಳೇ ಬೇಕು. ಹಾಗಾಗಿ ಮಾನಿಟರ್ ಹಾಕಿಯೇ ಇಟ್ಟು ಇಸಿಜಿ ಮತ್ತೆ ಮತ್ತೆ ತೆಗೆದರು. ನಾಲ್ಕನೇ ದಿನಕ್ಕೆ 430ಕ್ಕೆ ಇಳಿಯಿತು.

ಮನೆಯಲ್ಲಿ ಎಲ್ಲರೂ ಅಜ್ಜಿಯತ್ತ ಬೆರಳು ತೋರಿಸುತ್ತಿದ್ದರು. ಅವರು ಚೀಟಿಯಲ್ಲಿದ್ದಷ್ಟೇ ಎಳೆದಿದ್ದಾರೆ, ಮಿ.ಗ್ರಾಂ ಬರೆಯದ ಚೀಟಿಯೇ ಅರೆಬರೆ ಚೀಟಿ ಎಂದು ಅವರೆದುರೇ ಹೇಳಿದೆವು.

ಕೊಟ್ಟ ಸಲಹೆ: ಬಾಟಲಿ ಬದಲಾದರೆ ಲೇಬಲ್ಲಿನ “ಪ್ರತಿ ಎಂಎಲ್‌ಗೆ ಎಷ್ಟು ಮಿ.ಗ್ರಾಂ” ಎಂಬುದನ್ನು ಫೋನಿನಲ್ಲಿ ಓದಿ ಹೇಳಿ, ಆಮೇಲೆ ಕುಡಿಸಿ. ಯಾವ ವೈದ್ಯರ ಬಳಿ ಹೋದರೂ ಈ ಇಸಿಜಿ ತೋರಿಸಿ. ಎರಿತ್ರೊಮೈಸಿನ್, ಅಜಿತ್ರೊಮೈಸಿನ್ ಬರೆದರಂತೂ ತಪ್ಪದೆ ಕೇಳಿ, ಈ ಆಂಟಿಬಯಾಟಿಕ್‌ಗಳೂ ಕ್ಯೂಟಿ ಹಿಗ್ಗಿಸಬಲ್ಲವು. ಕಕ್ಕಿದರೂ ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಔಷಧಿಯೇ ಬೇಡ: ಹಾಲು ಸ್ವಲ್ಪ ಸ್ವಲ್ಪವಾಗಿ ಕೊಟ್ಟು, 20–30 ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದು, ಮಲಗಿಸುವಾಗ ಅಂಗಾತವೇ ಮಲಗಿಸಿ.

ಹಾಲು ಹೆಚ್ಚಲೆಂದು ತಾಯಿಯೂ ಡಾಂಪೆರಿಡೋನ್ ಮಾತ್ರೆ ನುಂಗುತ್ತಿದ್ದುದು ಕೊನೆಗೆ ಹೊರಬಿತ್ತು. ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಆದರೂ ಮಗುವಿನ ಇಸಿಜಿ ನೋಡಿ ವೈದ್ಯರು ಮಾತ್ರೆ ನಿಲ್ಲಿಸಿದರು, ಹಾಲೂಡಿಸುವುದನ್ನಲ್ಲ.