ಹಳೇ ಜಿಪ್ಸಿ, ಎಂಪಿಎಫ್‌ಐ ಇಂಜಿನ್, ಬಿಸಿಯಾದರೆ ಆಫ್: ಮೂರನೇ ಫ್ಯೂಯಲ್ ಪಂಪ್ ಹಾಕಿಸಲೇ?

ಬೇಡ, ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ.

1998ರ ಕಾರ್ಬುರೇಟರ್ ಜಿಪ್ಸಿಗೆ ಮಾರುತಿ ಎಸ್ಟೀಮ್ ಕಾರಿನ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಇಂಜಿನ್ ಕೂರಿಸಿದ್ದೀರಿ. ಬೆಳಗ್ಗೆ ಗಾಡಿ ಚೆನ್ನಾಗೇ ಓಡುತ್ತೆ, ಅರ್ಧ ಗಂಟೆಯಾದ ಮೇಲೆ ಘಾಟಿ ಹತ್ತುವಾಗ ಪಿಕಪ್ ಬಿದ್ದು, ಜರ್ಕ್ ಹೊಡೆದು ನಿಲ್ಲುತ್ತೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತೆ, ಎರಡು ಪಂಪ್ ಬದಲಿಸಿದರೂ ಅದೇ ಕಥೆ ಅಂದಿದ್ದೀರಿ. ಎರಡು ಹೊಸ ಪಂಪ್‌ಗಳು ಒಂದೇ ಥರ ಕೈಕೊಡುವುದು ಅಪರೂಪ. ಪಂಪ್‌ಗೆ ಬರುವ ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ನನ್ನ ಅನುಮಾನ ಮೊದಲು ಕರೆಂಟಿನ ಮೇಲೆ.

ಕಾರ್ಬುರೇಟರ್ ಜಿಪ್ಸಿಗೆ ಇಂಜಿನ್ನೇ ತಿರುಗಿಸುವ ಮೆಕ್ಯಾನಿಕಲ್ ಪಂಪ್ ಇತ್ತು. ಹಾಗಾಗಿ ಟ್ಯಾಂಕ್ ಕಡೆಗೆ ಕಂಪನಿ ಎಳೆದಿದ್ದು ಪೆಟ್ರೋಲ್ ಮೀಟರಿನ ಸಣ್ಣ ವೈರ್ ಅಷ್ಟೇ. ಎಂಪಿಎಫ್‌ಐ ಪಂಪ್ ಸುಮಾರು 5ರಿಂದ 8 ಆಂಪ್ ಎಳೆಯುತ್ತೆ. ಇಂಜಿನ್ ಬದಲಿಸುವವರು ಎಷ್ಟೋ ಸಲ ಕೈಗೆ ಸಿಕ್ಕ ತೆಳು ವೈರನ್ನೇ ಹಿಂದಕ್ಕೆ ಎಳೆದು, ಚಾಸಿಸ್‌ನ ಯಾವುದೋ ತುಕ್ಕು ಹಿಡಿದ ಬೋಲ್ಟಿಗೆ ಅರ್ಥಿಂಗ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತಣ್ಣಗಿದ್ದಾಗ ಹೇಗೋ ನಡೆಯುತ್ತೆ. ಬಿಸಿಯಾದಂತೆ ಸಡಿಲ ಜಾಯಿಂಟ್‌ಗಳಲ್ಲಿ ವೋಲ್ಟೇಜ್ ಸೋರಿಹೋಗುತ್ತೆ, ಪಂಪ್ ನಿಧಾನವಾಗುತ್ತೆ, ಏರಿನಲ್ಲಿ ಪೆಟ್ರೋಲ್ ಜಾಸ್ತಿ ಬೇಕಾದ ಹೊತ್ತಿಗೇ ಪ್ರೆಶರ್ ಬೀಳುತ್ತೆ.

ನಾನು ಓಡಿಸುವುದೂ ಇಂಥದೇ ಇಂಜಿನ್ ಬದಲಿಸಿದ ಗಾಡಿ. ಅದು ಹೀಗೆ ಕಾಡಿದಾಗ ಇಂಜಿನ್ ಓಡುತ್ತಿರುವಂತೆಯೇ ಮಲ್ಟಿಮೀಟರ್ ಇಟ್ಟೆ. ಬ್ಯಾಟರಿ ಹತ್ತಿರ ಹದಿನಾಲ್ಕು ವೋಲ್ಟ್ ಆಸುಪಾಸು, ಪಂಪಿನ ಪ್ಲಗ್‌ನಲ್ಲಿ ಹನ್ನೊಂದೂ ಇಲ್ಲ. ಪಂಪಿನ ರಿಲೇ (ಕರೆಂಟ್ ಆನ್-ಆಫ್ ಮಾಡುವ ಸ್ವಿಚ್ ಡಬ್ಬಿ) ಕಿತ್ತು ನೋಡಿದರೆ, ಪಂಪಿಗೆ ಕರೆಂಟ್ ಕೊಡುವ 87ನೇ ಪಿನ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಕಂದುಗಟ್ಟಿ, ಒಳಗಿನ ಹಿತ್ತಾಳೆ ಕ್ಲಿಪ್ ಬಾಯಿಬಿಟ್ಟುಕೊಂಡಿತ್ತು. ಪಂಪ್ ಮುಟ್ಟಲೇ ಇಲ್ಲ. ಬ್ಯಾಟರಿಯಿಂದ ಫ್ಯೂಸ್ ಹಾಕಿ 2.5 ಸ್ಕ್ವೇರ್ ಎಂಎಂ ವೈರ್, ಹೊಸ ರಿಲೇ ಸಾಕೆಟ್, ಪೇಂಟ್ ಕೆರೆದು ಗಟ್ಟಿಯಾದ ಅರ್ಥಿಂಗ್, ಇಷ್ಟಕ್ಕೇ ಸರಿಹೋಯಿತು. ನೀವೂ ಹೀಗೇ ಅಳೆಯಿರಿ, ಆದರೆ ಗಾಡಿ ಬಿಸಿಯಾಗಿ ಎಳೆತ ಬೀಳುತ್ತಿರುವಾಗ ಅಳೆಯಿರಿ. ಬೆಳಗ್ಗೆ ಶೆಡ್ಡಿನಲ್ಲಿ ನಿಂತು ನೋಡಿದರೆ ಎಲ್ಲವೂ ಸರಿಯಿರುವಂತೆಯೇ ಕಾಣುತ್ತೆ. ಬ್ಯಾಟರಿಗೂ ಪಂಪಿಗೂ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರಿಂಗ್ ಬಿಚ್ಚಬೇಕು.

ಗಾಡಿ ನಿಂತ ಕೂಡಲೇ ಇನ್ನೆರಡು ಕೆಲಸ ಮಾಡಿ, ಖರ್ಚಿಲ್ಲ. ಮೊದಲು ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಹೋದರೆ ಟ್ಯಾಂಕ್ ಉಸಿರಾಡುವ ದಾರಿ ಕಟ್ಟಿದೆ. ಆಮೇಲೆ ಕೀ ಆನ್ ಮಾಡಿ, ಒಬ್ಬರನ್ನು ಟ್ಯಾಂಕ್ ಹತ್ತಿರ ನಿಲ್ಲಿಸಿ. ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಮತ್ತೆ ಕರೆಂಟಿನ ಕಡೆಗೆ ಬನ್ನಿ. ಕೀ ಆನ್ ಮಾಡಿದಾಗ ಸದ್ದು ಬಂದು, ಸೆಲ್ಫ್ ಹೊಡೆಯುವಾಗ ಪಂಪ್ ಸುಮ್ಮನಿದ್ದು, ಸ್ಪಾರ್ಕೂ ಇಲ್ಲ ಅಂದರೆ ಸೆನ್ಸರ್ ನೋಡಿಸಿ. ಇಂಜಿನ್ ತಿರುಗುತ್ತಿದೆ ಎಂಬ ಸಿಗ್ನಲ್ ಬರದಿದ್ದರೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ತಾನೇ ಪಂಪ್ ನಿಲ್ಲಿಸುತ್ತೆ, ಬಿಸಿಗೆ ಕೈಕೊಡುವ ಸೆನ್ಸರ್‌ನಿಂದ ಪಂಪಿಗೆ ಕೆಟ್ಟ ಹೆಸರು ಬಂದಿರುತ್ತೆ. ಈ ಕಾಟ ಬೇಡ ಅಂತ ಕೆಲವರು ಪಂಪನ್ನು ಇಗ್ನಿಷನ್‌ಗೆ ‘ಡೈರೆಕ್ಟ್’ ಕೊಟ್ಟುಬಿಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಆಕ್ಸಿಡೆಂಟ್ ಆಗಿ ಪೈಪ್ ಹರಿದರೂ ಪಂಪ್ ಪೆಟ್ರೋಲ್ ಸುರಿಸುತ್ತಲೇ ಇರುತ್ತೆ.

ವೋಲ್ಟೇಜ್ ಸರಿಯಿದೆ ಅಂತಾದರೆ ಇಂಜಿನ್ ಹತ್ತಿರ ಪ್ರೆಶರ್ ಗೇಜ್ ಹಾಕಿಸಿ. ಕಾರ್ಬುರೇಟರ್‌ಗೆ 0.2ರಿಂದ 0.3 ಬಾರ್ ಸಾಕಾಗುತ್ತಿತ್ತು. ಇಂಥ ಇಂಜಿನ್‌ಗೆ 2.5ರಿಂದ 3 ಬಾರ್ ಬೇಕು. ರೀಡಿಂಗ್ ಕಡಿಮೆ ಬಂದರೆ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನಿನ ರಬ್ಬರ್ ಪೈಪನ್ನು ಒಂದು ಕ್ಷಣ ಒತ್ತಿ ಹಿಡಿಯಲಿ. ಮುಳ್ಳು ಸರ್ರನೆ ಮೇಲೆದ್ದರೆ ಪ್ರೆಶರ್ ಹಿಡಿದಿಡುವ ರೆಗ್ಯುಲೇಟರ್ ಹೋಗಿದೆ. ಏಳದಿದ್ದರೆ ತೊಂದರೆ ಪಂಪಿನಲ್ಲೋ, ಫಿಲ್ಟರ್‌ನಲ್ಲೋ, ಅದಕ್ಕೂ ಹಿಂದೆ ಟ್ಯಾಂಕ್ ಕಡೆಯೋ ಇದೆ.

ಪಂಪ್ ಟ್ಯಾಂಕ್ ಒಳಗಿದೆಯೋ ಹೊರಗೆ ಲೈನ್‌ನಲ್ಲಿದೆಯೋ ನೀವು ಬರೆದಿಲ್ಲ. ಹೊರಗಿನದಾದರೆ ಅದಕ್ಕೆ ತಳ್ಳುವ ತಾಕತ್ತಿದೆ, ಎಳೆಯುವುದರಲ್ಲಿ ಸೋಂಬೇರಿ. ಟ್ಯಾಂಕ್‌ಗಿಂತ ಕೆಳಗೆ, ಟ್ಯಾಂಕ್ ಪಕ್ಕದಲ್ಲೇ ಇರಬೇಕು, ಸೈಲೆನ್ಸರ್ ಪೈಪಿನಿಂದ ದೂರ. ಪಂಪಿನ ಮೊದಲು ಒರಟು ಜಾಲರಿ, ಸಣ್ಣ ಪೇಪರ್ ಫಿಲ್ಟರ್ ಏನಿದ್ದರೂ ಆಮೇಲೆ. ಇದು ತಿರುಗುಮುರುಗಾದರೆ ಕಷ್ಟಪಟ್ಟು ಎಳೆಯುವಾಗ ಬಿಸಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತೆ. ಇನ್ನು ಹಳೇ ಟ್ಯಾಂಕ್ ಒಳಗೆ ಪೆಟ್ರೋಲ್ ಹಿಡಿದಿಡುವ ಬಟ್ಟಲು ಇರುವುದಿಲ್ಲ, ಹೇರ್‌ಪಿನ್ ತಿರುವಿನಲ್ಲಿ ಪಂಪ್ ಗಾಳಿ ಕುಡಿಯುತ್ತೆ. ಫುಲ್ ಟ್ಯಾಂಕ್ ಹಾಕಿಸಿ ಅದೇ ಘಾಟಿ ಹತ್ತಿ ನೋಡಿ. ಆಗ ನಿಲ್ಲದಿದ್ದರೆ ಸಣ್ಣ ಸರ್ಜ್ ಟ್ಯಾಂಕ್ (ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ಹಿಡಿದಿಡುವ ಪುಟ್ಟ ಟ್ಯಾಂಕ್) ಮಾಡಿಸಿಕೊಳ್ಳಿ.

ಪೆಟ್ರೋಲ್ ವಿಷಯ ಒಂದು. ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆಯಾಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ನಿಮ್ಮ ಗಾಡಿಯ ರಬ್ಬರ್ ಪೈಪ್‌ಗಳು ಆ ಕಾಲದವಲ್ಲ. ಎಥನಾಲ್‌ಗೆ ಹಳೇ ರಬ್ಬರ್ ಉಬ್ಬುತ್ತೆ, ಒಳಪದರ ಏಳುತ್ತೆ, ಟ್ಯಾಂಕ್ ತಳದ ಕೊಳೆಯೂ ಕದಡಿ ಬರುತ್ತೆ. ಫಿಲ್ಟರ್ ಕೊಯ್ದು ಬಿಳಿ ಬಟ್ಟೆ ಮೇಲೆ ಕೊಡವಿ. ಕೆಂಪು ಪುಡಿ ಬಿದ್ದರೆ ತುಕ್ಕು, ಕಪ್ಪು ಚೂರು ಬಿದ್ದರೆ ಪೈಪ್. ಹೊಸ ಪೈಪ್ ಕೊಳ್ಳುವಾಗ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನೇ ಕೇಳಿ, ಮೀಟರ್ ಲೆಕ್ಕದ ಸಾದಾ ಪೈಪ್ ಈ ಪ್ರೆಶರ್ ತಡೆಯೋಲ್ಲ. ಟ್ಯಾಂಕ್ ಒಳಗಿನ ತುಂಡಿಗೆ ಆರ್10 ಬೇಕು.

ಬಿಚ್ಚಿಸಿದ ಎರಡು ಪಂಪ್‌ಗಳನ್ನು ಗುಜರಿಗೆ ಹಾಕಿಲ್ಲ ತಾನೇ? ವೈರಿಂಗ್ ಸರಿಮಾಡಿಸಿದ ಮೇಲೆ ಅವನ್ನೂ ಗೇಜ್ ಹಾಕಿ ಪರೀಕ್ಷಿಸಿ. ಪ್ರೆಶರ್ ಸರಿಯಾಗಿ ಕೊಟ್ಟರೆ ಒಂದನ್ನು ಟೂಲ್ ಬಾಕ್ಸಿನಲ್ಲಿ ಸ್ಪೇರ್ ಆಗಿ ಇಟ್ಟುಕೊಳ್ಳಿ.